ಬಿಸಿಲು ಬಂದಾಯಿತು, ಇನ್ನು ಎಂಜಿನಿಯರುಗಳು ಬರಬೇಕು

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಎಲೆಕ್ಟ್ರಿಕಲ್ ಓದುತ್ತಿರುವ ಮೂರನೆಯ ಮತ್ತು ನಾಲ್ಕನೆಯ ವರ್ಷದ ವಿದ್ಯಾರ್ಥಿ ವಿದ್ಯಾರ್ಥಿನಿಯರಿಗೆ,



ನಾನು ನಿಮಗೆ ಪಾಠ ಹೇಳುವ ಮೇಷ್ಟ್ರಲ್ಲ; ಕ್ಯಾಂಪಸ್‌ಗೆ ಬಂದು ಕೆಲಸ ಕೊಡುವ ಕಂಪನಿಯವನೂ ಅಲ್ಲ. ಮಧ್ಯ ಕರ್ನಾಟಕದ ರಿಸೀವಿಂಗ್ ಸ್ಟೇಷನ್‌ಗಳಲ್ಲಿ ಪಾಳಿ ಕೆಲಸ ಮಾಡಿ, ಆಮೇಲೆ ನಮ್ಮವರು ಆರ್‌ಟಿ ಎಂದು ಕರೆಯುವ ರಿಲೇ ಟೆಸ್ಟಿಂಗ್ ವಿಭಾಗದಲ್ಲಿ ಬಹುಕಾಲ ಇದ್ದು ನಿವೃತ್ತನಾದವನು. ಈಚೆಗೆ ಕೆಲವು ಕಾಲೇಜಿನವರು ನಿಮ್ಮಂಥವರ ಪ್ರಾಜೆಕ್ಟ್ ನೋಡಲು ನನ್ನನ್ನು ಕರೆಯುತ್ತಾರೆ. ನೋಡಿ ಮುಗಿದ ಮೇಲೆ, ಚಹಾ ಕುಡಿಯುತ್ತಾ, ಮುಂದೇನು ಮಾಡ್ತೀರಿ ಎಂದು ಕೇಳುವುದು ನನ್ನ ಚಾಳಿ. ಬಹುಪಾಲು ಮಂದಿ ಸಾಫ್ಟ್‌ವೇರ್ ಅನ್ನುತ್ತಾರೆ. ಕಂಪ್ಯೂಟರ್ ಸೈನ್ಸಿಗೆ ಸಿಇಟಿ ರ‍್ಯಾಂಕ್ ಸಾಲದೆ ಇಲ್ಲಿಗೆ ಬಂದೆವು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಒಬ್ಬ ಹುಡುಗಿ ಮಾತ್ರ ನನ್ನನ್ನೇ ತಿರುಗಿ ಕೇಳಿದಳು: "ಸರ್, ಪವರ್ ಸಿಸ್ಟಮ್ಸ್‌ನಲ್ಲಿ ಇನ್ನು ಹೊಸದಾಗಿ ಮಾಡೋಕೆ ಏನಿದೆ? ಎಲ್ಲಾ ನಿಮ್ಮ ಕಾಲದಲ್ಲೇ ಮುಗಿದಿದೆಯಲ್ಲ?" ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ಅದಕ್ಕಿಲ್ಲ. ಹಾಗಾಗಿ ಇಷ್ಟುದ್ದ ಪತ್ರ.

ಮೊದಲೇ ಒಂದು ಮಾತು. ಸಾಫ್ಟ್‌ವೇರ್ ಕೆಲಸಕ್ಕೆ ಹೋಗುವವರನ್ನು ದೂರಲು ನಾನಿದನ್ನು ಬರೆಯುತ್ತಿಲ್ಲ. ಬ್ಯಾಂಕ್ ಸಾಲ ಮಾಡಿ ಓದಿಸಿದ ಮನೆ ಮೊದಲ ಸಂಬಳಕ್ಕೆ ಕಾದು ಕೂತಿರುತ್ತದೆ ಎಂಬುದು ನನಗೆ ಗೊತ್ತು. ತ್ಯಾಗ ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನಿಮ್ಮ ಕೈಯಲ್ಲಿರುವ ವಿದ್ಯೆಯ ಬೆಲೆ ಈಗ ಏರಿರುವಾಗ ಅದನ್ನು ನೋಡದೆ ಬಿಟ್ಟುಹೋಗಬೇಡಿ ಎಂದಷ್ಟೇ ಹೇಳುತ್ತೇನೆ.

ಆ ಹುಡುಗಿಯ ಮಾತಿನಲ್ಲಿ ಅರ್ಧ ನಿಜವಿದೆ. ಸುಮಾರು ನೂರು ವರ್ಷ ನಮ್ಮ ಕಸುಬಿನ ಮೂಲತತ್ವ ಬದಲಾಗಲಿಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರು ಚಕ್ರ ತಿರುಗಿಸಿತು; ಅಲ್ಲಿ ಹುಟ್ಟಿದ ಕರೆಂಟು 147 ಕಿಲೋಮೀಟರ್ ತಂತಿ ಹಾದು ಕೋಲಾರದ ಚಿನ್ನದ ಗಣಿ ಸೇರಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಊರಿಗಿಂತ ಗಣಿಗೆ ಮೊದಲು ಕರೆಂಟು ಸಿಕ್ಕಿತು ಅನ್ನುವುದನ್ನು ನೆನಪಿಡಿ, ನಮ್ಮ ವಿದ್ಯುತ್ತಿನ ಚರಿತ್ರೆಯಲ್ಲಿ ಯಾರಿಗೆ ಮೊದಲು ಎಂಬ ಪ್ರಶ್ನೆ ಅಲ್ಲಿಂದಲೇ ಶುರು. ಆಮೇಲೆ ಜೋಗ ಬಂತು, 1035 ಮೆಗಾವ್ಯಾಟ್‌ನ ಶರಾವತಿ ಬಂತು, 1980ರ ದಶಕದಲ್ಲಿ ರಾಯಚೂರಿನ ಶಾಖೋತ್ಪನ್ನ ಸ್ಥಾವರ ಬಂತು. ನೀರಿನ ಜಾಗದಲ್ಲಿ ಉಗಿ ಬಂದರೂ ಕೊನೆಗೆ ತಿರುಗುತ್ತಿದ್ದದ್ದು ಟನ್‌ಗಟ್ಟಲೆ ತೂಕದ ರೋಟರ್. ನಿಮ್ಮ ಪಠ್ಯಪುಸ್ತಕದ ಪ್ರತಿಯೊಂದು ಸಮೀಕರಣದ ಬೆನ್ನಿಗೆ ಆ ತೂಕ ಇದೆ.

ಆ ತೂಕ ಏನು ಮಾಡುತ್ತದೆ ಎಂದು ಎಷ್ಟು ಜನಕ್ಕೆ ಮನಸ್ಸಿಗೆ ಇಳಿದಿದೆಯೋ ತಿಳಿಯದು. ಸ್ವಿಂಗ್ ಈಕ್ವೇಶನ್ ಡಿರೈವ್ ಮಾಡಿ ಎಂದರೆ ನೀವೆಲ್ಲ ಬೋರ್ಡಿನ ಮೇಲೆ ಬರೆದು ತೋರಿಸುತ್ತೀರಿ. ಅದರಲ್ಲಿರುವ ಎಚ್ ಅಂದರೇನು ಎಂದು ಕೇಳಿದರೆ "ಇನರ್ಷಿಯಾ ಕಾನ್‌ಸ್ಟಂಟ್ ಸರ್" ಅನ್ನುತ್ತೀರಿ, ಅಲ್ಲಿಗೆ ನಿಲ್ಲುತ್ತದೆ. ಬೀಸುಕಲ್ಲನ್ನು ಜೋರಾಗಿ ತಿರುಗಿಸಿ ಗೂಟದಿಂದ ಕೈ ತೆಗೆದರೂ ಅದು ಒಂದೆರಡು ಸುತ್ತು ತನ್ನಷ್ಟಕ್ಕೆ ತಿರುಗುತ್ತದಲ್ಲ, ಆ ಒಂದೆರಡು ಸುತ್ತಿನಲ್ಲೇ ಗ್ರಿಡ್ಡಿನ ಪ್ರಾಣ ಇರುವುದು. ಎಲ್ಲೋ ಒಂದು 500 ಮೆಗಾವ್ಯಾಟ್ ಘಟಕ ಟ್ರಿಪ್ ಆಯಿತು ಎನ್ನಿ. ಆ ಕ್ಷಣದಲ್ಲಿ ಕೊರತೆಯಾದ ವಿದ್ಯುತ್ತನ್ನು ಯಾರೂ ಬಟನ್ ಒತ್ತಿ ಕೊಡುವುದಿಲ್ಲ. ದೇಶದಲ್ಲಿ ತಿರುಗುತ್ತಿರುವ ಎಲ್ಲ ರೋಟರ್‌ಗಳೂ ತಮ್ಮ ವೇಗದಲ್ಲಿ ಚೂರುಚೂರು ಬಿಟ್ಟುಕೊಟ್ಟು ಆ ಹೊರೆ ಹೊರುತ್ತವೆ, ಫ್ರೀಕ್ವೆನ್ಸಿ ಸ್ವಲ್ಪ ಇಳಿಯುತ್ತದೆ. ಅಷ್ಟರಲ್ಲಿ ಗವರ್ನರ್‌ಗಳು ಎಚ್ಚೆತ್ತು ಉಗಿಯನ್ನೋ ನೀರನ್ನೋ ಹೆಚ್ಚು ಬಿಡುತ್ತವೆ. ಮೊದಲ ಕೆಲವು ಸೆಕೆಂಡು ನಮ್ಮನ್ನು ಕಾಯುವುದು ಬರೀ ಭೌತಶಾಸ್ತ್ರ. ಅದಕ್ಕೆ ಸಂಬಳ ಇಲ್ಲ, ಸಾಫ್ಟ್‌ವೇರ್ ಇಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ.

ನಾನು ಕೆಲಸಕ್ಕೆ ಸೇರಿದ ದಿನಗಳಲ್ಲಿ ಆ ಕಾವಲು ಇದ್ದೂ ಸಾಲುತ್ತಿರಲಿಲ್ಲ. 1990ರ ದಶಕದ ದಕ್ಷಿಣ ಗ್ರಿಡ್ಡಿನಲ್ಲಿ ಫ್ರೀಕ್ವೆನ್ಸಿ ಮೀಟರಿನ ಮುಳ್ಳು 48 ಹರ್ಟ್ಸ್‌ನ ಆಸುಪಾಸಿಗೆ ಇಳಿಯುವುದು ಸುದ್ದಿಯೇ ಆಗಿರಲಿಲ್ಲ. ಬೇಸಿಗೆಯ ಸಂಜೆ ಫೋನ್ ಬಂದರೆ ಯಾವ ಫೀಡರ್ ಕೈಬಿಡಬೇಕೆಂಬ ಆಜ್ಞೆಯೇ ಇರುತ್ತಿತ್ತು. ಬ್ರೇಕರ್ ತೆಗೆದ ಅರ್ಧ ಗಂಟೆಗೆ ಆ ಊರಿನವರು ಸ್ಟೇಷನ್ ಗೇಟಿನ ಮುಂದೆ ಇರುತ್ತಿದ್ದರು. 2003ರ ಜನವರಿಯಿಂದ ದಕ್ಷಿಣದಲ್ಲಿ ಹೊಸ ದರಪದ್ಧತಿ ಬಂದು, ಫ್ರೀಕ್ವೆನ್ಸಿ ಇಳಿದಾಗ ಹೆಚ್ಚು ಎಳೆದುಕೊಂಡ ರಾಜ್ಯ ಹೆಚ್ಚು ಹಣ ತೆರಬೇಕಾಯಿತು. ಶಿಸ್ತು ತಾನಾಗಿ ಬಂತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರದ 765 ಕೆವಿ ಲೈನ್ ಚಾಲೂ ಆಗಿ ದಕ್ಷಿಣ ಗ್ರಿಡ್ಡು ಉಳಿದ ಭಾರತದೊಂದಿಗೆ ಒಂದೇ ಲಯಕ್ಕೆ ಸೇರಿತು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ಫ್ರೀಕ್ವೆನ್ಸಿ. ಈಗ ಅದು 49.90ರಿಂದ 50.05ರೊಳಗೆ ಇರಬೇಕೆಂಬುದು ನಿಯಮ. 48 ನೋಡಿದ ನನ್ನಂಥವರಿಗೆ ಇದು ಪವಾಡದಂತೆ ಕಾಣುತ್ತದೆ.

ಇಷ್ಟಾದ ಮೇಲೆ ಬಂತು ಬಿಸಿಲು.

ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ ರಾಜ್ಯದ ವಿದ್ಯುತ್ ನಿಗಮ ಕೆಪಿಸಿಎಲ್‌ನವರು 3 ಮೆಗಾವ್ಯಾಟ್ ಸೌರ ಸ್ಥಾವರ ಹಾಕಿದಾಗ ಅದನ್ನು ನೋಡಲು ಬಸ್ ಮಾಡಿಕೊಂಡು ಜನ ಹೋಗುತ್ತಿದ್ದರು. ಹತ್ತು ವರ್ಷ ತುಂಬುವುದರೊಳಗೆ ಪಾವಗಡದ ತಿರುಮಣಿ, ವಳ್ಳೂರು ಸೀಮೆಯ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2050 ಮೆಗಾವ್ಯಾಟ್ ನಿಂತಿತು. ಇಂದು ರಾಜ್ಯದ ಸೌರ ಸಾಮರ್ಥ್ಯ 9,000 ಮೆಗಾವ್ಯಾಟ್ ದಾಟಿದೆ. ಚಿತ್ರದುರ್ಗ, ಗದಗ ಮೊದಲಾದ ಕಡೆಯ ಗಾಳಿ ಸೇರಿ ಪವನಶಕ್ತಿ 7,000 ದಾಟಿದೆ. 2025ರ ನಡುವಿನ ಹೊತ್ತಿಗೆ ದೇಶದ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಅನಿಲ, ತೈಲ ಬಿಟ್ಟ ಮೂಲಗಳದ್ದಾಯಿತು. ಇದೆಲ್ಲ ಪತ್ರಿಕೆಯಲ್ಲಿ ಬರುತ್ತದೆ, ಮಂತ್ರಿಗಳ ಭಾಷಣದಲ್ಲೂ ಬರುತ್ತದೆ. ಈ ಹೊಸ ಸ್ಥಾವರಗಳಲ್ಲಿ ಆ ಭಾರದ ರೋಟರ್ ಇಲ್ಲ ಎಂಬುದು ಮಾತ್ರ ಎಲ್ಲೂ ಬರುವುದಿಲ್ಲ.

ಸೌರ ಫಲಕದಿಂದ ಬರುವುದು ಡಿಸಿ. ಅದನ್ನು ಎಸಿ ಮಾಡುವುದು ಇನ್ವರ್ಟರ್, ಅದರೊಳಗೆ ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುವ ಸೆಮಿಕಂಡಕ್ಟರ್ ಸ್ವಿಚ್‌ಗಳು. ಗಾಳಿಯಂತ್ರ ಕಣ್ಣಿಗೆ ತಿರುಗುವುದು ಕಂಡರೂ ಇಂದಿನ ಯಂತ್ರಗಳಲ್ಲಿ ಅದಕ್ಕೂ ಗ್ರಿಡ್ಡಿಗೂ ನಡುವೆ ಎಲೆಕ್ಟ್ರಾನಿಕ್ಸ್ ಕೂತಿದೆ. ಈಗ ಚಾಲ್ತಿಯಲ್ಲಿರುವ ಬಹುಪಾಲು ಇನ್ವರ್ಟರ್‌ಗಳು ಗ್ರಿಡ್ಡಿನ ಅಲೆ ಎಲ್ಲಿದೆ ಎಂದು ನೋಡಿಕೊಂಡು, ಅದರ ಹಿಂದೆ ಹೆಜ್ಜೆ ಹಾಕುತ್ತವೆ. ಅಲೆ ಗಟ್ಟಿಯಾಗಿ ಇರುವವರೆಗೆ ಎಲ್ಲವೂ ಸಲೀಸು. ರೋಟರ್‌ಗಳು ಒಂದೊಂದಾಗಿ ಮನೆಗೆ ಹೋಗಿ, ಹೆಚ್ಚಿನವರೆಲ್ಲ ಹಿಂಬಾಲಕರೇ ಆದರೆ ದಾರಿ ತೋರಿಸುವವರಾರು? ಇದು ಅಲಂಕಾರಕ್ಕೆ ಕೇಳಿದ ಪ್ರಶ್ನೆಯಲ್ಲ. ಇದಕ್ಕೆ ಉತ್ತರವಾಗಿ ತಾನೇ ಅಲೆ ಹುಟ್ಟಿಸುವ ಇನ್ವರ್ಟರ್‌ಗಳು ಬರುತ್ತಿವೆ, ಗ್ರಿಡ್ ಫಾರ್ಮಿಂಗ್ ಎನ್ನುತ್ತಾರೆ. ಎಷ್ಟು ಬೇಕು, ಎಲ್ಲಿ ಹಾಕಬೇಕು, ಎರಡು ಕಂಪನಿಗಳ ಇನ್ವರ್ಟರ್ ಒಂದೇ ಬಸ್‌ಬಾರ್‌ನಲ್ಲಿ ಕಾದಾಡಿದರೆ ಹೇಗೆ, ಇವೆಲ್ಲ ಜಗತ್ತಿನಲ್ಲೇ ಇನ್ನೂ ಪೂರ್ತಿ ಬಗೆಹರಿದಿಲ್ಲ. ನನ್ನ ಕಾಲದಲ್ಲೇ ಎಲ್ಲ ಮುಗಿದಿದೆ ಎಂದಳಲ್ಲ ಆ ಹುಡುಗಿ, ನನ್ನ ಕಾಲದಲ್ಲಿ ಈ ಪ್ರಶ್ನೆಗಳೇ ಇರಲಿಲ್ಲ.

ದಕ್ಷಿಣ ಆಸ್ಟ್ರೇಲಿಯಾ ರಾಜ್ಯದಲ್ಲಿ 2016ರ ಸೆಪ್ಟೆಂಬರ್ 28ರಂದು ನಡೆದದ್ದನ್ನು ನೀವು ಒಮ್ಮೆ ಕೂತು ಓದಬೇಕು. ಬಿರುಗಾಳಿ, ಸುಂಟರಗಾಳಿಗೆ ಟ್ರಾನ್ಸ್‌ಮಿಷನ್ ಟವರ್‌ಗಳು ಮಗುಚಿದವು. ಎರಡು ನಿಮಿಷದೊಳಗೆ ಲೈನ್‌ಗಳಲ್ಲಿ ಒಂದರ ಹಿಂದೊಂದು ಫಾಲ್ಟ್, ಪ್ರತಿ ಫಾಲ್ಟಿಗೂ ವೋಲ್ಟೇಜ್ ಕುಸಿದು ಮತ್ತೆ ಏಳುತ್ತಿತ್ತು. ಗಾಳಿಯಂತ್ರಗಳು ಅಂಥ ಕುಸಿತವನ್ನು ತಡೆದುಕೊಂಡು ನಿಲ್ಲುವಂತೆಯೇ ಇದ್ದವು, ನಿಂತವು ಕೂಡ. ಆದರೆ ಅವುಗಳ ನಿಯಂತ್ರಣ ತಂತ್ರಾಂಶದಲ್ಲಿ ಒಂದು ಸೆಟ್ಟಿಂಗ್ ಇತ್ತು: ಇಷ್ಟು ಹೊತ್ತಿನೊಳಗೆ ಇಷ್ಟು ಸಲಕ್ಕಿಂತ ಹೆಚ್ಚು ಕುಸಿತ ಬಂದರೆ ಯಂತ್ರದ ಹಿತಕ್ಕಾಗಿ ಹಿಂದೆ ಸರಿ ಎಂದು. ಗ್ರಿಡ್ ನಡೆಸುವವರಿಗೆ ಆ ಸೆಟ್ಟಿಂಗ್ ಇರುವುದೇ ತಿಳಿದಿರಲಿಲ್ಲ. ಎಣಿಕೆ ಮೀರಿತು, ಏಳು ಸೆಕೆಂಡಿನೊಳಗೆ 456 ಮೆಗಾವ್ಯಾಟ್ ಕೈಬಿಟ್ಟಿತು. ಆ ಕೊರತೆ ತುಂಬಲು ಪಕ್ಕದ ವಿಕ್ಟೋರಿಯಾ ರಾಜ್ಯದಿಂದ ಬರುವ ಲೈನ್ ಮೇಲೆ ಹೊರೆ ಬಿದ್ದು ಅದೂ ಕಳಚಿಕೊಂಡಿತು. ಇಡೀ ರಾಜ್ಯ ಕತ್ತಲು.

ರಾಜಕಾರಣಿಗಳು ಮಾರನೆಯ ದಿನವೇ ಗಾಳಿವಿದ್ಯುತ್ತನ್ನು ಬೈದರು. ಎಂಜಿನಿಯರುಗಳು ಲಾಗ್ ಫೈಲು ತೆಗೆದು ನೋಡಿ ಸೆಟ್ಟಿಂಗ್ ಹುಡುಕಿದರು, ಬದಲಾಯಿಸಿದರು. ಮುಂದಿನ ವರ್ಷ ಅದೇ ರಾಜ್ಯದಲ್ಲಿ 100 ಮೆಗಾವ್ಯಾಟ್‌ನ ಹಾರ್ನ್ಸ್‌ಡೇಲ್ ಬ್ಯಾಟರಿ ಬಂತು. 2021ರಲ್ಲಿ ನಾಲ್ಕು ಸಿಂಕ್ರೊನಸ್ ಕಂಡೆನ್ಸರ್‌ಗಳು ಬಂದವು. ಟರ್ಬೈನ್ ಇಲ್ಲದೆ ಸುಮ್ಮನೆ ತಿರುಗುತ್ತಾ ಗ್ರಿಡ್ಡಿಗೆ ಭಾರ ಕೊಡುವ ಹಳೆಯ ಕಾಲದ ಯಂತ್ರವದು; ಮೆಷಿನ್ಸ್ ಪೇಪರಿನಲ್ಲಿ ನೀವು ಎರಡು ಅಂಕಕ್ಕೆ ಓದಿ ಮರೆತದ್ದು. ಬಿರುಗಾಳಿಯ ಜೊತೆಗೆ ಒಂದು ಸಾಲು ಸಾಫ್ಟ್‌ವೇರ್ ಕೂಡ ಒಂದು ರಾಜ್ಯವನ್ನು ಕತ್ತಲಿಗೆ ತಳ್ಳಿತು ಎಂಬುದನ್ನು ಸಾಫ್ಟ್‌ವೇರ್‌ಗೆ ಹೋಗುತ್ತೇವೆ ಎನ್ನುವ ನಿಮ್ಮ ಮುಂದೆ ಇಡುತ್ತಿದ್ದೇನೆ. ಆ ಸಾಲನ್ನು ಬರೆಯಲು ಕೋಡಿಂಗ್ ಗೊತ್ತಿದ್ದರೆ ಸಾಕು. ಅದು ತಪ್ಪೆಂದು ಮೊದಲೇ ಹೇಳಲು ಪವರ್ ಸಿಸ್ಟಮ್ಸ್ ಗೊತ್ತಿರಬೇಕಿತ್ತು.

ಅದು ದೂರದ ಕಥೆ ಎನ್ನುವಂತೆಯೂ ಇಲ್ಲ. 2022ರಿಂದೀಚೆಗೆ ರಾಜಸ್ಥಾನದ ಸೌರ ವಲಯದಲ್ಲಿ ಎಲ್ಲೋ ಒಂದು ಫಾಲ್ಟ್ ಆದಾಗ ಸಾವಿರ ಮೆಗಾವ್ಯಾಟ್‌ಗೂ ಮಿಕ್ಕಿ ಒಟ್ಟಿಗೆ ಬಿದ್ದುಹೋದ ಘಟನೆಗಳು ಹಲವು ಸಲ ಆಗಿವೆ. 2025ರ ಏಪ್ರಿಲ್ 28ರ ಮಧ್ಯಾಹ್ನ ಸ್ಪೇನ್ ಮತ್ತು ಪೋರ್ಚುಗಲ್ ಹೆಚ್ಚುಕಡಿಮೆ ಪೂರ್ತಿ ಕತ್ತಲಾದಾಗಲೂ ಬಿಸಿಲಿನ ಮೇಲೇ ಗೂಬೆ ಕೂರಿಸಿದರು. ತನಿಖೆಯಲ್ಲಿ ಕಂಡದ್ದು ವೋಲ್ಟೇಜ್ ಹತೋಟಿ ಮೀರಿ ಏರಿದ್ದು, ಅದನ್ನು ಹಿಡಿದಿಡಬೇಕಿದ್ದ ಸ್ಥಾವರಗಳು ಹಿಡಿಯದೆ ಹೋದದ್ದು. ರಿಯಾಕ್ಟಿವ್ ಪವರ್ ಎಂಬ, ವೈವಾದಲ್ಲಿ ಎಲ್ಲರೂ ತಡವರಿಸುವ ವಿಷಯ.

ನನ್ನ ಸ್ವಂತ ಕಸುಬಿನಿಂದ ಒಂದು ಸಂಗತಿ ಹೇಳುತ್ತೇನೆ. ನಿವೃತ್ತಿಗೆ ಕೆಲವು ವರ್ಷ ಮುಂಚೆ, ಒಂದು ಸೌರ ಸ್ಥಾವರ ನಮ್ಮ ಸ್ಟೇಷನ್ನಿಗೆ ಸೇರುವ 66 ಕೆವಿ ಲೈನಿನಲ್ಲಿ ಮರದ ಕೊಂಬೆ ಬಿದ್ದು ಫಾಲ್ಟ್ ಆಯಿತು. ನಮ್ಮ ಕಡೆಯ ಬ್ರೇಕರ್ ತಕ್ಷಣ ತೆರೆದುಕೊಂಡಿತು. ಅವರ ಕಡೆಯ ಓವರ್‌ಕರೆಂಟ್ ರಿಲೇ ಅಲುಗಾಡಲಿಲ್ಲ. ಅಲ್ಲಿದ್ದ ಹುಡುಗರು ರಿಲೇ ಕೆಟ್ಟಿದೆ ಎಂದು ತೀರ್ಮಾನಿಸಿ ಬದಲಾಯಿಸಲು ಹೊರಟಿದ್ದರು. ಪರೀಕ್ಷೆಯ ಕಿಟ್ ಹಚ್ಚಿ ನೋಡಿದರೆ ರಿಲೇ ಸರಿಯಾಗೇ ಇತ್ತು. ವಿಷಯ ಇಷ್ಟೇ: ಸಿಂಕ್ರೊನಸ್ ಜನರೇಟರ್ ಫಾಲ್ಟ್ ಆದಾಗ ತನ್ನ ನಿಗದಿತ ಕರೆಂಟಿನ ಐದಾರು ಪಟ್ಟು ಸುರಿಯುತ್ತದೆ, ಇನ್ವರ್ಟರ್ ತನ್ನ ಸ್ವಿಚ್ ಸುಟ್ಟುಹೋಗದಂತೆ ನಿಗದಿತಕ್ಕಿಂತ ತುಸು ಮೇಲೆ ಹೋಗಿ ನಿಂತುಬಿಡುತ್ತದೆ. ಹೆಚ್ಚು ಕರೆಂಟ್ ಬಂದರೆ ಫಾಲ್ಟ್ ಎಂದು ತಿಳಿಯುವ ರಿಲೇಗೆ ಅದು ಮಾಮೂಲು ಲೋಡಿನಂತೆ ಕಂಡಿತು. ಹೆಚ್ಚು ಕರೆಂಟ್ ಎಂದರೆ ಫಾಲ್ಟ್ ಎಂಬುದು ನಾವು ನೂರು ವರ್ಷ ಕಟ್ಟಿದ ರಕ್ಷಣಾ ವ್ಯವಸ್ಥೆಯ ಬುಡದಲ್ಲಿದ್ದ ನಂಬಿಕೆ. ಆ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಬೇಕು. ಈ ಕೆಲಸ ಮಾಡಬಲ್ಲ, ರಿಲೇಯನ್ನೂ ಪವರ್ ಎಲೆಕ್ಟ್ರಾನಿಕ್ಸನ್ನೂ ಒಟ್ಟಿಗೆ ಬಲ್ಲ ತರುಣರು ನನಗೆ ಸಿಕ್ಕದ್ದು ಬೆರಳೆಣಿಕೆಯಷ್ಟು. ಕಾಲೇಜುಗಳಲ್ಲಿ ಇವೆರಡನ್ನೂ ಬೇರೆ ಬೇರೆ ಮೇಷ್ಟ್ರುಗಳು, ಪರಸ್ಪರ ಮಾತಿಲ್ಲದ ನೆರೆಮನೆಯವರಂತೆ ಪಾಠ ಮಾಡಿದರೆ ಇನ್ನೇನಾಗುತ್ತದೆ!

ಇನ್ನು ನಮ್ಮ ರಾಜ್ಯದ ದಿನಚರಿ ನೋಡಿ. ಗ್ರಿಡ್ ನಡೆಸುವವರು ದಿನವನ್ನು ಕಾಲುಗಂಟೆಯ 96 ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಎಷ್ಟು ಬೇಕು, ಎಲ್ಲಿಂದ ಬರುತ್ತದೆ ಎಂದು ಮೊದಲೇ ಬರೆದಿಡುತ್ತಾರೆ. ಬೇಸಿಗೆಯ ನಡುಹಗಲು ಬಿಸಿಲಿನ ಕರೆಂಟ್ ಉಕ್ಕಿ ಬರುತ್ತದೆ. ಆಗ ಕಲ್ಲಿದ್ದಲು ಘಟಕಗಳು ತಗ್ಗಬೇಕು, ಆದರೆ ಅವು ಸುಮಾರು 55 ಪ್ರತಿಶತಕ್ಕಿಂತ ಕೆಳಗೆ ಇಳಿಯಲು ಒಗ್ಗುವುದಿಲ್ಲ, ಬಾಯ್ಲರಿನ ಬೆಂಕಿ ಅಲುಗಾಡುತ್ತದೆ. ಸಂಜೆ ಆರಕ್ಕೆ ಬಿಸಿಲು ಹೋಗುತ್ತಿದ್ದಂತೆ ಮನೆಮನೆಯ ದೀಪ ಹತ್ತುತ್ತದೆ, ಆಗ ಅದೇ ಘಟಕಗಳು ಓಡಿಬರಬೇಕು. ನಿಮಿಷಗಳಲ್ಲಿ ಏಳಬಲ್ಲ ಶರಾವತಿ, ವಾರಾಹಿಗಳೇ ಆ ಹೊತ್ತಿಗೆ ಆಸರೆ. ಮುಂಗಾರು ಹಿಡಿದ ಮೇಲೆ ಲೆಕ್ಕ ತಿರುವುಮುರುವು: ಮೋಡ ಕವಿದು ಬಿಸಿಲು ಇಳಿಯುತ್ತದೆ, ಗಾಳಿ ಹಗಲಿರುಳು ಬೀಸುತ್ತದೆ, ಬೋರ್‌ವೆಲ್ ಮೋಟಾರ್‌ಗಳು ನಿಂತು ಬೇಡಿಕೆಯೂ ಇಳಿಯುತ್ತದೆ. ಮಳೆ ಕೈಕೊಟ್ಟ 2023ರಲ್ಲಿ ಜಲಾಶಯ ಬರಿದಾಗಿ, ಪಂಪ್‌ಸೆಟ್ಟು ಓಡುತ್ತಲೇ ಇದ್ದು, ಅಕ್ಟೋಬರಿನಲ್ಲಿ ರೈತರು ಕರೆಂಟಿಗಾಗಿ ಬೀದಿಗೆ ಬಂದದ್ದು ನಿಮಗೂ ನೆನಪಿರಬೇಕು. ಇದನ್ನೆಲ್ಲ ಮುಂಚೆಯೇ ಅಂದಾಜು ಮಾಡುವುದು ಹವಾಮಾನ, ಅಂಕಿಅಂಶ, ಗಣಿತ, ವಿದ್ಯುತ್ ಎಲ್ಲ ಕಲೆತ ಕೆಲಸ.

ಈ ಬದಲಾವಣೆಯಿಂದ ಆದ ಒಂದು ಒಳ್ಳೆಯದನ್ನು ಹೇಳದಿದ್ದರೆ ತಪ್ಪಾದೀತು. ನನ್ನ ಸರ್ವಿಸ್ಸಿನ ಬಹುಕಾಲ ಪಂಪ್‌ಸೆಟ್ ಫೀಡರಿಗೆ ತ್ರೀ ಫೇಸ್ ಕೊಡುತ್ತಿದ್ದದ್ದು ಯಾರಿಗೂ ಬೇಡದ ಹೊತ್ತಿನಲ್ಲಿ, ಎಂದರೆ ನಡುರಾತ್ರಿಯಲ್ಲಿ. ಬ್ಯಾಟರಿ ಹಿಡಿದು ಗದ್ದೆಗೆ ಹೋದ ರೈತನನ್ನು ಹಾವು ಕಚ್ಚಿದ ಸುದ್ದಿ ಪ್ರತಿ ವರ್ಷ ಕೇಳುತ್ತಿದ್ದೆವು. ಹಗಲಿನಲ್ಲಿ ಬಿಸಿಲಿನ ಕರೆಂಟ್ ಬಂದ ಮೇಲೆ ಅನೇಕ ಕಡೆ ಆ ಪಾಳಿ ಹಗಲಿಗೆ ಬಂದಿದೆ. ಸೌರಶಕ್ತಿ ಭೂಮಿಯನ್ನು ಉಳಿಸುತ್ತದೋ ಇಲ್ಲವೋ ದೊಡ್ಡವರು ಚರ್ಚಿಸಲಿ. ನನ್ನ ಮಟ್ಟಿಗೆ ಇದೊಂದೇ ಸಾಕು.

ಹಾಗೆಂದು ಎಲ್ಲಕ್ಕೂ ತಲೆಯಾಡಿಸಬೇಡಿ. ಶರಾವತಿಯ ಲಿಂಗನಮಕ್ಕಿ ಜಲಾಶಯದಲ್ಲಿ ಮನೆ ಗದ್ದೆ ಮುಳುಗಿಸಿಕೊಂಡವರ ಕುಟುಂಬಗಳು ಆರು ದಶಕದ ಮೇಲೂ ಭೂಮಿಯ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ. ಪಾವಗಡದಲ್ಲಿ ಭೂಮಿಯನ್ನು ಕಸಿದುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆಗೆ ಪಡೆದದ್ದು ಅದಕ್ಕಿಂತ ಎಷ್ಟೋ ಮೇಲು. ಆದರೂ ಸ್ವಂತ ಭೂಮಿಯಿಲ್ಲದೆ ಅಲ್ಲಿ ಕೂಲಿ ಮಾಡುತ್ತಿದ್ದವರ, ಕುರಿ ಮೇಯಿಸುತ್ತಿದ್ದವರ ಕೈಗೆ ಆ ಗುತ್ತಿಗೆಯಿಂದ ಏನೂ ಬರುವುದಿಲ್ಲ. ಈಗ ಹಗಲಿನ ವಿದ್ಯುತ್ತನ್ನು ಸಂಜೆಗೆ ಕೂಡಿಡಲು ಶರಾವತಿ ಕಣಿವೆಯಲ್ಲಿ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಚರ್ಚೆಯಲ್ಲಿದೆ. ತಲಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ, ಸಿಂಗಳೀಕಗಳಿರುವ ಕಾಡಿನಲ್ಲಿ. ನೀರು ಮೇಲೆತ್ತಲು ಹಾಕಿದ ವಿದ್ಯುತ್ತಿನಲ್ಲಿ ಮುಕ್ಕಾಲು ಭಾಗಕ್ಕಿಂತ ತುಸು ಹೆಚ್ಚು ವಾಪಸು ಸಿಗುತ್ತದೆ. ಬ್ಯಾಟರಿ ಇಟ್ಟರೆ ಎಷ್ಟು ಸಿಗುತ್ತದೆ, ಎಷ್ಟು ವರ್ಷ ಬಾಳುತ್ತದೆ, ಎಷ್ಟು ಖರ್ಚು? ಮನೆಗಳ, ಪಂಪ್‌ಗಳ ಬೇಡಿಕೆಯ ಹೊತ್ತನ್ನೇ ಬದಲಿಸಿದರೆ ಎಷ್ಟು ಉಳಿಯುತ್ತದೆ? ನನ್ನ ಅಭಿಪ್ರಾಯ ಕೇಳಿದರೆ, ಕಾಡಿಗೆ ಕೈ ಹಾಕುವ ಮುಂಚೆ ಉಳಿದ ದಾರಿಗಳ ಲೆಕ್ಕ ಜನರ ಮುಂದೆ ಇಡಬೇಕು. ಆ ಲೆಕ್ಕ ಮಾಡುವ ವಿದ್ಯೆ ನಿಮ್ಮಲ್ಲಿದೆ. ಪರ ವಿರೋಧ ಘೋಷಣೆ ಕೂಗುವವರು ಸಾಕಷ್ಟಿದ್ದಾರೆ.

ಮನೆಯ ಮೇಲಿನ ಸೋಲಾರ್ ಬಗ್ಗೆಯೂ ಒಂದು ಮಾತು, ಏಕೆಂದರೆ ನಿಮ್ಮ ನೆಂಟರು ನಿಮ್ಮನ್ನೇ ಕೇಳುತ್ತಾರೆ. ಸಬ್ಸಿಡಿ ಬಂದ ಮೇಲೆ ಊರೂರಲ್ಲಿ ಫಲಕ ಏರುತ್ತಿದೆ. "ಬಿಸಿಲು ಧಗಧಗ ಅಂತಿದೆ, ತಲೆ ಮೇಲೆ ಪ್ಯಾನೆಲ್ ಇದೆ, ಕರೆಂಟ್ ಹೋದ್ರೆ ನಮ್ಮನೇಲೂ ಕತ್ತಲು, ಇದೆಂಥ ಮೋಸ?" ಎಂದು ನನ್ನ ಷಡ್ಡಕರು ಜಗಳವಾಡಿದ್ದರು. ಲೈನಿನಲ್ಲಿ ಕರೆಂಟ್ ಹೋದ ಎರಡು ಸೆಕೆಂಡಿನೊಳಗೆ ಗ್ರಿಡ್‌ಗೆ ಸೇರಿದ ಇನ್ವರ್ಟರ್ ತಾನೂ ಕಳಚಿಕೊಳ್ಳಬೇಕು ಎಂಬುದು ನಿಯಮ. ಇಲ್ಲವಾದರೆ ಲೈನ್ ಕ್ಲಿಯರ್ ತೆಗೆದುಕೊಂಡು ಕಂಬ ಹತ್ತಿದ ಲೈನ್‌ಮನ್‌ನ ಕೈಗೆ ಯಾರದೋ ಮನೆಯ ಬಿಸಿಲು ಬಡಿಯುತ್ತದೆ. ಜನರೇಟರ್ ಇಟ್ಟ ಮನೆಗಳಿಂದ ಹೀಗೆ ಹಿಂದಕ್ಕೆ ಹರಿದ ಕರೆಂಟಿಗೆ ಜೀವ ತೆತ್ತ ಲೈನ್‌ಮನ್‌ಗಳನ್ನು ಈ ಕಸುಬಿನಲ್ಲಿರುವವರೆಲ್ಲ ಬಲ್ಲರು. ಬ್ಯಾಟರಿಯಿರುವ ಹೈಬ್ರಿಡ್ ವ್ಯವಸ್ಥೆ ಬೇರೆ, ಅದು ಲೈನಿನಿಂದ ಕಳಚಿಕೊಂಡು ಮನೆಗೆ ಮಾತ್ರ ಕೊಡಬಲ್ಲದು. ಇದನ್ನು ನೆಂಟರಿಗೆ ಬಿಡಿಸಿ ಹೇಳುವಷ್ಟಾದರೂ ನಿಮಗೆ ಗೊತ್ತಿರಲಿ.

ಈಗ ನಾನು ಕೇಳಿಕೊಳ್ಳುವುದು.

ಇವತ್ತಿನಿಂದಲೇ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದ ಜಾಲತಾಣ ತೆರೆದು ನೋಡುವ ರೂಢಿ ಮಾಡಿಕೊಳ್ಳಿ. ಯಾವ ಸ್ಥಾವರ ಎಷ್ಟು ಉತ್ಪಾದಿಸುತ್ತಿದೆ, ಫ್ರೀಕ್ವೆನ್ಸಿ ಎಷ್ಟು ಎಂದು ಅಲ್ಲಿ ಆಗಿಂದಾಗ್ಗೆ ಬರುತ್ತದೆ, ದುಡ್ಡು ಕೊಡಬೇಕಿಲ್ಲ. ಮಧ್ಯಾಹ್ನ ಹನ್ನೆರಡಕ್ಕೂ ಸಂಜೆ ಏಳಕ್ಕೂ ಒಂದು ತಿಂಗಳು ಬರೆದಿಟ್ಟು ನೋಡಿ. ಮೂರು ಪುಸ್ತಕ ಕಲಿಸದ್ದನ್ನು ಆ ಹಾಳೆ ಕಲಿಸುತ್ತದೆ. ಪ್ರಾಜೆಕ್ಟಿಗೆ ದಯವಿಟ್ಟು ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಕಿಟ್ ತರಬೇಡಿ. ಭೂತಗನ್ನಡಿ ಹಿಡಿದು ನೋಡಿದರೂ ಅದರಲ್ಲಿ ನಿಮ್ಮದೇನೂ ಕಾಣುವುದಿಲ್ಲ, ಪರೀಕ್ಷಕರಿಗೂ ಅದು ಗೊತ್ತು. ಅದರ ಬದಲು ನಿಮ್ಮ ಹಾಸ್ಟೆಲ್ಲಿನ ಅಥವಾ ನಿಮ್ಮೂರಿನ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್‌ನಿಂದ ಕೊನೆಯಲ್ಲಿರುವ ಮನೆಯ ಪ್ಲಗ್ಗಿಗೆ ಒಂದು ಡೇಟಾ ಲಾಗರ್ ಹಾಕಿ ವಾರವಿಡೀ ವೋಲ್ಟೇಜ್ ದಾಖಲಿಸಿ. ಆ ಲೈನಿನಲ್ಲಿ ಹತ್ತು ಮನೆಗೆ ಸೋಲಾರ್ ಬಂದರೆ ನಡುಹಗಲಿನ ವೋಲ್ಟೇಜ್ ಎಲ್ಲಿಗೆ ಏರುತ್ತದೆ, ಆಗ ಯಾರ ಇನ್ವರ್ಟರ್ ಮೊದಲು ಟ್ರಿಪ್ ಆಗುತ್ತದೆ ಎಂದು ನಿಮ್ಮ ಲ್ಯಾಬಿನ ತಂತ್ರಾಂಶದಲ್ಲಿ ಲೆಕ್ಕ ಹಾಕಿ. ಅನೇಕ ಕಾಲೇಜುಗಳಲ್ಲಿರುವ ಮೈಪವರ್ ತಯಾರಾದದ್ದು ಬೆಂಗಳೂರಿನಲ್ಲೇ, ಅದನ್ನು ಪ್ರಯೋಗದ ಪುಸ್ತಕದಲ್ಲಿರುವ ಮೂರು ಬಸ್ಸಿನ ಲೆಕ್ಕಕ್ಕಷ್ಟೇ ಬಳಸಿ ಮುಚ್ಚಿಡಬೇಡಿ.

ಹಾಗೆ ಮಾಡಿದ ಪ್ರಾಜೆಕ್ಟಿನ ಸಾರವನ್ನು ಎರಡು ಪುಟ ಕನ್ನಡದಲ್ಲಿ ಬರೆದು ನಿಮ್ಮ ಹತ್ತಿರದ ಸೆಕ್ಷನ್ ಆಫೀಸಿಗೆ ಕೊಟ್ಟು ಬನ್ನಿ. ಸೋಲಾರ್ ಬಂದ ಮೇಲೆ ಲೈನಿನ ಸ್ವಭಾವ ಹೇಗೆ ಬದಲಾಗಿದೆ ಎಂದು ಲೈನ್‌ಮನ್‌ಗಳಿಗೆ ತಿಳಿಸುವ ಬರಹ ಕನ್ನಡದಲ್ಲಿ ಹುಡುಕಿದರೂ ಸಿಗುವುದು ಕಡಿಮೆ. ಅವರಿಂದ ನೀವು ಕಲಿಯುವುದೂ ಬಹಳಷ್ಟಿದೆ. ಆಟೋ ಸ್ಟಾರ್ಟರ್ ಹಾಕಿದ ಮೋಟಾರ್‌ಗಳೆಲ್ಲ ಕರೆಂಟ್ ಬಂದ ಕೂಡಲೇ ಒಟ್ಟಿಗೆ ಎದ್ದು ಟಿಸಿ ಸುಡುವ ಬಗೆಯನ್ನು ಅವರಷ್ಟು ಚೆನ್ನಾಗಿ ಯಾವ ಪ್ರೊಫೆಸರೂ ವಿವರಿಸಲಾರರು.

ಐಚ್ಛಿಕ ವಿಷಯ ಆರಿಸುವಾಗ ಯಾವುದು ಸುಲಭ, ಯಾರು ಇಂಟರ್ನಲ್ಸ್ ಧಾರಾಳವಾಗಿ ಕೊಡುತ್ತಾರೆ ಎಂದು ನೋಡುವುದು ನಾನೂ ಬಲ್ಲೆ. ಆದರೂ ಪವರ್ ಎಲೆಕ್ಟ್ರಾನಿಕ್ಸ್, ಪ್ರೊಟೆಕ್ಷನ್, ಸ್ಟೆಬಿಲಿಟಿ ಮೂರನ್ನೂ ಕೈಬಿಡದೆ ಓದಿ. ಅವುಗಳ ಜೊತೆಗೆ ಪೈಥಾನ್ ಕಲಿಯಿರಿ. ಹೌದು, ನೀವು ಪ್ಲೇಸ್‌ಮೆಂಟಿಗೆಂದು ಹೇಗೂ ಕಲಿಯುತ್ತಿದ್ದೀರಿ. ಅದನ್ನೇ ಲೋಡ್ ಫ್ಲೋ ಬರೆಯಲು ಬಳಸಿ. ಎರಡೂ ಬಲ್ಲವರಿಗೆ ಕೆಲಸ ಹುಡುಕಿಕೊಂಡು ಬರುತ್ತದೆ. ಸರಕಾರಿ ನೇಮಕಾತಿಗಳು ವರ್ಷಗಟ್ಟಲೆ ಕಾಯಿಸುತ್ತವೆ, ನಿಜ. ಆದರೆ ಗಾಳಿ ಬಿಸಿಲಿನ ಮುನ್ನಂದಾಜು ಮಾಡುವ ಕಂಪನಿಗಳು, ಇನ್ವರ್ಟರ್ ತಯಾರಕರು, ಗ್ರಿಡ್ ಅಧ್ಯಯನ ಮಾಡಿಕೊಡುವ ಸಲಹಾ ಸಂಸ್ಥೆಗಳು ಬೆಂಗಳೂರಿನಲ್ಲೇ ಇವೆ. 1960ರಲ್ಲಿ ಶುರುವಾದ ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆ (ಸಿಪಿಆರ್‌ಐ) ಕೂಡ ಅಲ್ಲೇ ಇದೆ. ಮೊದಲ ಸಂಬಳ ಸಾಫ್ಟ್‌ವೇರ್‌ನವರಿಗಿಂತ ಕಡಿಮೆ ಇರಬಹುದು ಎಂದೂ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ.

ಹೆಣ್ಣುಮಕ್ಕಳಿಗೆ ಬೇರೆಯಾಗಿ ಒಂದು ಮಾತು. ಸ್ಟೇಷನ್ ಕೆಲಸ ನಿಮಗಲ್ಲ ಎಂದು ಮನೆಯಲ್ಲೂ ಕಾಲೇಜಿನಲ್ಲೂ ಹೇಳುವವರಿರುತ್ತಾರೆ. ನನ್ನ ಜೊತೆ ರಾತ್ರಿ ಪಾಳಿ ಮಾಡಿದ, ನನಗಿಂತ ಚೆನ್ನಾಗಿ ರಿಲೇ ಸೆಟ್ ಮಾಡುತ್ತಿದ್ದ ಹೆಣ್ಣುಮಕ್ಕಳು ಇದ್ದರು. ಕೇಳಬೇಡಿ, ಬನ್ನಿ.

ಕೊನೆಯದಾಗಿ, ಮುಂದಿನ ಸೆಮಿಸ್ಟರ್ ಶುರುವಾದ ಮೊದಲ ವಾರವೇ ನಿಮ್ಮ ವಿಭಾಗದ ಮುಖ್ಯಸ್ಥರಿಗೆ ತರಗತಿಯ ಎಲ್ಲರೂ ಸಹಿ ಮಾಡಿ ಒಂದು ಅರ್ಜಿ ಕೊಡಿ: ನಮ್ಮನ್ನು ಒಂದು ದಿನ 220 ಕೆವಿ ಸ್ಟೇಷನ್ನಿಗೂ ಒಂದು ದಿನ ಸೌರ ಸ್ಥಾವರಕ್ಕೂ ಕರೆದುಕೊಂಡು ಹೋಗಿ ಎಂದು. ಇಂಡಸ್ಟ್ರಿಯಲ್ ವಿಸಿಟ್ ಹೆಸರಿನಲ್ಲಿ ಊಟಿಗೆ ಹೋಗುವುದು ಇನ್ನೊಮ್ಮೆ ಆಗಲಿ. ಸ್ಟೇಷನ್ನಿನಲ್ಲಿ ಬರೀ ಕಂಟ್ರೋಲ್ ರೂಮಿನ ಫೋಟೋ ತೆಗೆದು ಬರಬೇಡಿ. ಪಾಳಿಯಲ್ಲಿರುವವರ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, ಕಳೆದ ಒಂದು ವರ್ಷದಲ್ಲಿ ಅವರಿಗೆ ಅರ್ಥವಾಗದೇ ಉಳಿದ ಟ್ರಿಪ್ಪಿಂಗ್ ಯಾವುದು ಎಂದು ಕೇಳಿ. ಅದನ್ನು ಬರೆದುಕೊಂಡು ಬಂದು ಪ್ರಾಜೆಕ್ಟಿಗೆ ತೆಗೆದುಕೊಳ್ಳಿ. ಇಷ್ಟು ಮಾಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇತಿ ನಿಮ್ಮ ಹಿತೈಷಿ,
ಒಬ್ಬ ನಿವೃತ್ತ ವಿದ್ಯುತ್ ಎಂಜಿನಿಯರ್
ದಾವಣಗೆರೆ